ಮಗ್ಗಕ್ಕೆ ಕೈ ಹಾಕಬಾರದು

ಕಳೆದ ಭಾನುವಾರ ಅಟ್ಟ ಗುಡಿಸುವಾಗ ಹಾಳೆಗಳ ಕಟ್ಟೊಂದು ಸಿಕ್ಕಿತು. ಅದನ್ನು ಬಿಗಿದಿದ್ದು ದಾರದಿಂದಲ್ಲ, ಒಂದು ಹಿಡಿ ಕೆಂಪು ರೇಷ್ಮೆ ಎಳೆಗಳಿಂದ. ಮೂಗಿಗೆ ಹಿಡಿದರೆ ಇನ್ನೂ ಬಣ್ಣದ ವಾಸನೆ... ಎದುರುಮನೆ ಮೇಷ್ಟ್ರು ನೆನಪಾದರು.

ಮೈಸೂರಿನಲ್ಲಿ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡಿ, ನಿವೃತ್ತರಾಗಿ ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ಬಂದಿದ್ದರು. ಯುದ್ಧದಲ್ಲೂ ಮುಟ್ಟಬಾರದ್ದು ಏನೇನು ಎಂಬುದನ್ನು ನಮ್ಮಂಥವರಿಗೆ ತಿಳಿಸುವ ಪುಸ್ತಕ ಬರೆಯುತ್ತಿದ್ದರು. ಬಿ.ಎ. ಮುಗಿಸಿ ಮನೆಯಲ್ಲಿದ್ದ ನಾನು ಟೈಪ್ ಮಾಡಿಕೊಡುತ್ತಿದ್ದೆ. ದಿನಕ್ಕೆಷ್ಟು ಪುಟವಾಯಿತೆಂದು ಡೈರಿಯಲ್ಲಿ ಗುರುತಿಡುತ್ತಿದ್ದೆ. "ಪುಟ ಎಣಿಸೋದು ಬಿಟ್ಟು ತಪ್ಪು ಎಣಿಸಮ್ಮ" ಎಂದು ನಗುತ್ತಿದ್ದರು.

ಮೊದಲ ಅಧ್ಯಾಯದಲ್ಲಿ ಯಾವ ದೇಶವೂ ಇರಲಿಲ್ಲ, ನಮ್ಮ ಬೀದಿಯಿತ್ತು. ಇಲ್ಲಿ ಜಗಳವಾದರೆ ಬೈಗುಳ ಏಳು ತಲೆಮಾರಿನವರೆಗೆ ಹೋಗುತ್ತಿತ್ತು, ಹೊಡೆದಾಟವೂ ಆಗುತ್ತಿತ್ತು. ಆದರೆ ಯಾರೂ ಇನ್ನೊಬ್ಬರ ಮಗ್ಗಕ್ಕೆ ಕೈ ಹಾಕುತ್ತಿರಲಿಲ್ಲ. ಯುದ್ಧಕ್ಕೊಂದು ಮಿತಿ ಬೇಕೆಂದು ವಾದಿಸಿದ ವಿದ್ವಾಂಸರ ಬಳಿ ಸೈನ್ಯವಿರಲಿಲ್ಲ; ಜನರ ಇಂಥ ನಡವಳಿಕೆಯನ್ನೇ ನೆಚ್ಚಿಕೊಂಡು ಅವರು ಕಾನೂನು ಕಟ್ಟಿದರು ಎಂದು ಮೇಷ್ಟ್ರು ಬರೆದಿದ್ದರು. ಆ ಅಧ್ಯಾಯ ಗಟ್ಟಿಯಾಗಿ ನಿಂತರೆ ಪುಸ್ತಕ ನಿಂತಂತೆ ಎನ್ನುತ್ತಿದ್ದರು.

ಆಮೇಲೆ ಚರಂಡಿಯ ಜಗಳ ಬಂತು. ನಮ್ಮ ಪಕ್ಕದ ಮನೆಯ ಬಚ್ಚಲ ನೀರು ಹರಿಯದಂತೆ ಮೂಲೆಮನೆಯವರು ಕಲ್ಲು ಹಾಕಿದರು. ಮಾರನೆಯ ಬೆಳಿಗ್ಗೆ ನೋಡಿದರೆ ಮೂಲೆಮನೆಯ ಮಗ್ಗದಲ್ಲಿ ಅರ್ಧ ನೇಯ್ದ ಮದುವೆ ಸೀರೆಯ ಹಾಸು, ಅಂದರೆ ಉದ್ದದ ಎಳೆಗಳು, ಅಡ್ಡಲಾಗಿ ತುಂಡಾಗಿ ಜೋತಾಡುತ್ತಿದ್ದವು. ತಾನೇ ಕತ್ತರಿಸಿದ್ದೆಂದು ಪಕ್ಕದ ಮನೆಯಾತ ಮುಚ್ಚಿಡಲೂ ಇಲ್ಲ.

ಮೇಷ್ಟ್ರು ಅವನ ಜಗಲಿಗೇ ಹೋದರು. "ಮಗ್ಗಕ್ಕೆ ಕೈ ಹಾಕಿದ್ದು ತಪ್ಪು ಅಂತ ಒಂದು ಮಾತು ಹೇಳಪ್ಪ, ಸಾಕು."

"ಮೊದ್ಲು ಕಲ್ ಆಕಿದ್ಯಾರು ಸಾ? ಅವ್ರನ್ ಕೇಳೋಗಿ."

"ದೊಡ್ಡ ದೊಡ್ಡ ದೇಶಗಳೂ ಹೀಗೇ ಹೇಳ್ತವೆ ಕಣಯ್ಯ."

"ಅಂಗಾರೆ ಮೊದ್ಲು ಅವು ತಪ್ಪಾಯ್ತು ಅನ್ಲಿ ಸಾ. ಆಮ್ಯಾಕೆ ನಾನಂತೀನಿ."

"ಓದ್ದೋರ್ನೇ ಗೆದ್ಬುಟ್ಟೆ ಕಣ್ಲಾ!" ಎಂದು ಯಾರೋ ಕೂಗಿದರು. ಬೀದಿ ನಕ್ಕಿತು. ಮೇಷ್ಟ್ರು ಜಗಲಿ ಇಳಿದು ಬಂದರು. ಅದೇ ವಾರ ಪಕ್ಕದ ಮನೆಯ ಮಗ್ಗದ ಹಾಸೂ ತುಂಡಾಯಿತು.

ಮೂಲೆಮನೆಯವರು ಕಸಕ್ಕೆಸೆದ ಎಳೆಗಳನ್ನು ಮೇಷ್ಟ್ರು ಆಯ್ದು ತಂದರು. ಬರೆದದ್ದನ್ನೆಲ್ಲ ಅವುಗಳಿಂದಲೇ ಕಟ್ಟಿ ನನ್ನ ಕೈಗಿಟ್ಟರು.

"ಮೊದಲನೇ ಅಧ್ಯಾಯ ಬಿಟ್ಬಿಡೋಣವಾ ಸರ್?"

"ಅದು ಬಿಟ್ಟರೆ ಉಳಿದದ್ದನ್ನ ನಾನೇ ನಂಬಲ್ಲಮ್ಮ."

ಡೈರಿಯಲ್ಲಿ ಅಂದು ಸೊನ್ನೆ ಬರೆದೆ. ಮುಂದೆಯೂ ಸೊನ್ನೆಗಳೇ... ಎರಡನೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಭಾನುವಾರ ಆ ಕಟ್ಟನ್ನು ಬಿಚ್ಚದೆ ಕೂತಿದ್ದೆ. ಟಿ.ವಿ.ಯಲ್ಲಿ ಬಾಂಬು ಬಿದ್ದ ಆಸ್ಪತ್ರೆಯೊಂದನ್ನು ತೋರಿಸುತ್ತಿದ್ದರು; ಮೊದಲು ಶುರುಮಾಡಿದ್ದು ಅವರೇ ಎಂದು ಯಾರೋ ಹೇಳುತ್ತಿದ್ದರು. ಹೊರಗೆ ಅಪ್ಪ ಮಗ್ಗದ ಕೋಣೆಗೆ ಬೀಗ ಹಾಕುತ್ತಿದ್ದರು. ಈಗ ನಮ್ಮ ಬೀದಿಯಲ್ಲಿ ಎಲ್ಲರೂ ಹಾಕುತ್ತಾರೆ. ಮೊದಲು ಆ ಬಾಗಿಲುಗಳಿಗೆ ಚಿಲಕವೂ ಇರಲಿಲ್ಲ.