ಮಾಸ್ತರರ ಹಲ್ಲು ತಿಂದ ಬಿಸಿಲು

ಎಪ್ಪತ್ತರ ದಶಕದ ರಾಯಚೂರಿನ ಬಿಸಿಲು ನೆನೆದರೆ ನನಗೆ ಮೊದಲು ನೆನಪಾಗುವುದು ಪಕ್ಕದ ಮನೆಯ ಮಾಸ್ತರರ ಹಲ್ಲು. ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಬಾಯಿ ತೆರೆದು ಮಲಗಿದರೆ ಗೊರಕೆ ಓಣಿಗೆಲ್ಲ ಕೇಳುತ್ತಿತ್ತು. ಎದ್ದೊಡನೆ ತಂಬಿಗೆ ನೀರು ಗಟಗಟ ಕುಡಿದು, ಅಲುಗುವ ಹಲ್ಲನ್ನು ನಾಲಿಗೆಯಿಂದ ತಡವಿ, "ಈ ಊರ ಬಿಸಲು ಬಾಯಿ ಒಣಗಿಸಿ ಹಲ್ಲು ತಿನ್ನಾಕತ್ತದ" ಎನ್ನುತ್ತಿದ್ದರು. ದಿನಾ ಬೇವಿನ ಕಡ್ಡಿಯಿಂದ ಉಜ್ಜಿದರೂ ಹಲ್ಲುಗಳು ಹುಳುಕಾಗಿ ಉದುರುತ್ತಲೇ ಹೋದವು. ಅವರು ಮಲಗಿದಾಗಲೆಲ್ಲ ಹೆಂಡತಿ ಬೀಸಣಿಕೆ ಹಿಡಿದು ಅವರ ತಲೆಯ ಹತ್ತಿರ ಕೂತಿರುತ್ತಿದ್ದರು.

ಚಳಿಗಾಲದಲ್ಲೂ ಹಾಗೆಯೇ ಕೂತಿದ್ದನ್ನು ಕಂಡು, "ಥಂಡ್ಯಾಗ ಬೀಸಣಿಕಿ ಯಾಕ್ರೀ ಯವ್ವಾ?" ಎಂದು ಕೇಳಿದೆ.

"ಗಾಳಿಗಲ್ಲವ್ವಾ," ಎಂದರು, ಮಲಗಿದ್ದ ಗಂಡನ ಎದೆಯ ಮೇಲಿಂದ ಕಣ್ಣು ತೆಗೆಯದೆ. "ಗೊರಕಿ ನಡುವ ಉಸಿರು ನಿಂತುಬಿಡ್ತದ. ಆಗ ಇದರ ಹಿಡಿಕಿಲೆ ತಿವೀತೀನಿ. ಅವರಿಗೆ ಹೇಳಬ್ಯಾಡ. ಬಾಯಿ ತೆರದು ಉಸಿರಾಡೂದಕ್ಕ ಬಾಯಿ ಒಣಗತದ; ಅವರು ಬಿಸಲಂತ ತಿಳ್ಕೊಂಡಾರ, ತಿಳ್ಕೊಳ್ಳಲಿ."