ನನ್ನ ಗಂಡ ಹೇಳಿದ ಸುಳ್ಳು

ನಮ್ಮ ಯಜಮಾನರು ರಾಮಾಂಜಿನಪ್ಪ ಇಪ್ಪತ್ತೆರಡು ವರ್ಷ ಶಾಲಾ ಬಸ್ ಓಡಿಸಿದವರು. ತೂಬಗೆರೆ ಸುತ್ತಲಿನ ಎಷ್ಟೋ ಮಕ್ಕಳು ಅವರ ಬಸ್ಸಿನಲ್ಲೇ ಶಾಲೆಗೆ ಹೋಗಿ ಓದಿ ದೊಡ್ಡವರಾದರು. ಒಂದು ನಾಯಿಮರಿಗೂ ಚಕ್ರ ತಾಗಿಸಿದವರಲ್ಲ. ಅಂಥವರ ಮರ್ಯಾದೆ ಕಳೆದವಳು ನಾನು, ಅಮ್ಮಯಮ್ಮ.

ಎರಡು ವರ್ಷದ ಹಿಂದೆ ಅವರಿಗೆ ಹಗಲೆಲ್ಲ ತೂಕಡಿಕೆ ಶುರುವಾಯಿತು. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತ ಹೊಡೆಯುತ್ತ ಉಸಿರೇ ನಿಲ್ಲುತ್ತಿದೆ ಎಂದು ಡಾಕ್ಟರು ಒಂದು ಮೆಷಿನ್ ಕೊಟ್ಟರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡರೆ ರಾತ್ರಿಯಿಡೀ ಗಾಳಿ ಊದುತ್ತದೆ. ಒಂದು ದಿನವೂ ಬಿಡಬಾರದು, ಬಿಟ್ಟರೆ ಸ್ಟೇರಿಂಗ್ ಮುಟ್ಟಬಾರದು ಎಂದಿದ್ದರು. ಇವರು ಬಿಡಲಿಲ್ಲ.

ಈ ಜನವರಿಯಲ್ಲಿ ಮಗಳು ಅರ್ಪಿತಳ ನಿಶ್ಚಿತಾರ್ಥವಾಯಿತು. ಧಾರೆ ಸೀರೆ ಆರಿಸಲೆಂದು ಗಂಡಿನ ತಾಯಿ, ನಮ್ಮ ಬೀಗಿತ್ತಿ, ಬಂದು ಮೂರು ದಿನ ಉಳಿದರು. ಆನೆ ಸೊಂಡಿಲಿನಂಥ ಆ ಪೈಪು ಕಂಡರೆ ಏನಂದುಕೊಂಡಾರು? ಕಾಯಿಲೆ ಮನೆ ಎಂದು ಸಂಬಂಧ ಬಿಟ್ಟರೆ? ನನ್ನ ಬುದ್ಧಿಗೆ ಮಂಕು ಕವಿದಿತ್ತು. ಮೆಷಿನನ್ನು ಹಳೇ ಸೀರೆಯಲ್ಲಿ ಸುತ್ತಿ ರಾಗಿ ಡ್ರಮ್ಮಿನೊಳಗಿಟ್ಟೆ. ಹಾಗಾದರೆ ಡ್ಯೂಟಿಗೆ ರಜೆ ಹಾಕುತ್ತೇನೆ ಎಂದರು ಇವರು. ಬೀಗರೆದುರು ಕೆಲಸವಿಲ್ಲದವರ ಹಾಗೆ ಮನೆಯಲ್ಲಿ ಕೂರುತ್ತೀರಾ ಎಂದು ಗದರಿದೆ. ಬೆಳಗ್ಗೆ ಇವರ ಗೊರಕೆ ಕೇಳಿದ್ದ ಬೀಗಿತ್ತಿ, ನಿಮ್ಮ ಯಜಮಾನರಿಗೆ ಎಂಥ ಒಳ್ಳೆ ನಿದ್ದೆ, ಪುಣ್ಯವಂತರು ಎಂದು ನಕ್ಕರು. ನಾನೂ ನಕ್ಕೆ. ಥೂ ನನ್ನ ಜನ್ಮಕ್ಕೆ.

ನಾಲ್ಕನೆಯ ಬೆಳಗ್ಗೆ ಇವರ ಕಣ್ಣು ಮುಚ್ಚಿಹೋಗಿ ಬಸ್ಸು ರಸ್ತೆ ಬಿಟ್ಟು ಹೊಲದ ಬದುವಿಗೆ ನುಗ್ಗಿತು. ಒಳಗೆ ಹನ್ನೊಂದು ಮಕ್ಕಳು. ಒಂದು ಹುಡುಗಿಯ ತುಟಿ ಒಡೆಯಿತು, ಅಷ್ಟಕ್ಕೇ ಉಳಿದುಕೊಂಡೆವು.

ಡಾಕ್ಟರ ಕಾಗದ ತಂದರೆ ಕೆಲಸದ ವಿಚಾರ ನೋಡೋಣ ಎಂದರು ಶಾಲೆಯವರು. ಸುದ್ದಿ ಕೇಳಿ ಓಡಿಬಂದಿದ್ದ ಬೀಗಿತ್ತಿಯೂ ಆಸ್ಪತ್ರೆಗೆ ಜೊತೆಗೆ ಬಂದರು. ಡಾಕ್ಟರು ಮೆಷಿನ್ನಿನೊಳಗಿನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿ, ಎರಡು ವರ್ಷ ತಪ್ಪದೆ ಹಾಕಿಕೊಂಡವರು ಆ ಮೂರು ರಾತ್ರಿ ಮಾತ್ರ ಯಾಕೆ ಬಿಟ್ಟಿರಿ ಎಂದು ಕೇಳಿದರು.

ಇವರು ನನ್ನ ಕಡೆ ತಿರುಗಲೂ ಇಲ್ಲ. "ನಂದೇ ಸೋಮಾರಿತನ ಸಾರ್. ಹಾಕ್ಕೊಳ್ಳೋಕೆ ಬೇಜಾರಾಯ್ತು," ಎಂದುಬಿಟ್ಟರು.

ಮೆಷಿನ್ ಬಚ್ಚಿಟ್ಟವಳು ನಾನು ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಬೀಗಿತ್ತಿ ಕೂತಿದ್ದರು. ಮುಚ್ಚಿಕೊಂಡೆ. ಚಿಕಿತ್ಸೆ ಸರಿಯಾಗಿ ಪಾಲಿಸಿಲ್ಲ ಎಂದು ಡಾಕ್ಟರು ಬರೆದರು, ಕೆಲಸ ಹೋಯಿತು.

ಮದುವೆ ಚೆನ್ನಾಗಿಯೇ ಆಯಿತು. ಆ ಮಕ್ಕಳ ತಾಯಂದಿರು ಇಂದಿಗೂ ಇವರನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಾನಿನ್ನೂ ಯಾರಿಗೂ ನಿಜ ಹೇಳಿಲ್ಲ. ಇವರು ನನ್ನನ್ನು ಒಂದು ಮಾತೂ ಬೈದಿಲ್ಲ. ಮಲಗುವ ಹೊತ್ತಿಗೆ ಮಾಸ್ಕ್ ಕೈಯಲ್ಲಿ ಹಿಡಿದು, ನನ್ನ ಅಪ್ಪಣೆಗೆ ಕಾದವರಂತೆ ಕೇಳುತ್ತಾರೆ:

"ಇವತ್ತು ಮನೇಗೆ ಯಾರೂ ಬರಲ್ಲ ತಾನೇ?"