ಬಿದಿರಿನ ಮೇಲೆ ಹೊರಿಸಿದ ತಪ್ಪು

ತೊಂಗ್‌ಹಾಯ್ ಪೇಟೆಯಲ್ಲಿ ಪು ಜ್ಯಾಶೆಂಗ್ ಮಾಡಿದ ಹೊಗೆಕೊಳವೆ ಎಂದರೆ ಮರುಮಾತಿರಲಿಲ್ಲ. ತೋಳುದ್ದದ ಬಿದಿರು, ತಳದಲ್ಲಿ ನೀರು, ಪಕ್ಕಕ್ಕೆ ಸಿಕ್ಕಿಸಿದ ನಳಿಗೆಯಲ್ಲಿ ತಂಬಾಕು. ಮಾರುವ ಮುನ್ನ ಬರೀ ನೀರು ಹಾಕಿ ಒಂದೇ ಉಸಿರಿಗೆ ಎಳೆದು ನೋಡುವುದು ಅವನ ಪದ್ಧತಿ. ಇಪ್ಪತ್ತು ಎಣಿಸುವವರೆಗೆ ಗುಳುಗುಳು ಸದ್ದು ಬಂದರೆ ಕೊಳವೆ ಪಾಸು.

ಅರವತ್ತೆರಡನೇ ವಯಸ್ಸಿನ ಚಳಿಗಾಲದಲ್ಲಿ ಒಂದೂ ಪಾಸಾಗಲಿಲ್ಲ. ಏಳಕ್ಕೇ ಸದ್ದು ನಿಲ್ಲುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜ್ಯಾಶೆಂಗ್ ಬಿದಿರು ಕೊಟ್ಟವನಿಗೆ ಹಿಡಿಶಾಪ ಹಾಕುತ್ತ ಹನ್ನೊಂದು ಕೊಳವೆ ಸೀಳಿ ಒಲೆಗೆ ತುರುಕಿದ. ಹನ್ನೆರಡನೆಯದನ್ನು ಸೊಸೆ ಲೀಫೆನ್ ಕಸಿದುಕೊಂಡು ಎಳೆದಳು. ಇಪ್ಪತ್ತಾರು!

“ಮಾವ, ಕೆಟ್ಟಿರೋದು ಬಿದಿರಲ್ಲ,” ಎಂದು ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

“ನೀರು ಹೊಗೇನ ತೊಳೆಯುತ್ತಲ್ಲ ಡಾಕ್ಟ್ರೇ?” ದಿನವೂ ಕೊಳವೆ ಸೇದುತ್ತಿದ್ದ ಅವನು ಕೇಳಿದ.

“ತಣ್ಣಗೆ ಮಾಡುತ್ತೆ, ಅಷ್ಟೆ. ವಿಷ ನಿಮ್ಮ ಎದೆಗೇ ಬರುತ್ತೆ, ಮನೆಯವರ ಎದೆಗೂ. ಹಾಳಾದ ಶ್ವಾಸಕೋಶ ವಾಪಸ್ ಬರಲ್ಲ. ಆದ್ರೆ ಇವತ್ತು ಬಿಟ್ರೆ ಇರೋದು ಉಳಿಯುತ್ತೆ. ಒಂದು ದಿನ ಗೊತ್ತು ಮಾಡಿ, ಎಲ್ರಿಗೂ ಹೇಳಿ, ಚಟ ತಗ್ಗಿಸೋ ಈ ನಿಕೋಟಿನ್ ಪಟ್ಟಿ ಮೈಗೆ ಅಂಟಿಸ್ಕೊಳ್ಳಿ. ಆಸೆ ಬಂದ್ರೆ ಹತ್ತು ನಿಮಿಷ ತಡೀರಿ, ಅದೇ ಹೋಗುತ್ತೆ.”

ಬಿಡುವುದಿರಲಿ, ಅವನಿಗೆ ಹೊಸ ಹುಚ್ಚು ಹಿಡಿಯಿತು. ಬಾಗಿಲಲ್ಲಿ ಕೂತು ಹೋಗಿಬರುವವರಿಂದೆಲ್ಲ ನೀರು ಎಳೆಸಿ ಎಣಿಸತೊಡಗಿದ. ಯಾರ ಎದೆಯಲ್ಲಿ ಎಷ್ಟಿದೆ ಎಂಬ ಕುತೂಹಲ. ತೋಫು ಎಂಬ ಸೋಯಾ ಗಿಣ್ಣು ಮಾರುವವನು ಹೊಗೆ ಮುಟ್ಟಿದವನಲ್ಲ, ಅವನದು ಇಪ್ಪತ್ತೇಳು. ದಿನವಿಡೀ ಸೇದುವ ಗೆಳೆಯ ಛಿಯನ್ ಹತ್ತು.

“ನಂದೂ ನೋಡ್ರೀ,” ಎಂದಳು ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಛುನ್‌ಮೈ.

ಎಂಟು.

“ತಮಾಷೆ ಮಾಡ್ಬೇಡ್ವೇ. ಸರಿಯಾಗಿ ಎಳಿ.”

ಮತ್ತೆ ಎಂಟು. ಅವಳು ಜನ್ಮದಲ್ಲಿ ತಂಬಾಕು ಮುಟ್ಟಿದವಳಲ್ಲ. ಆದರೆ ಮೂವತ್ತೆಂಟು ಚಳಿಗಾಲ, ಕದ ಮುಚ್ಚಿದ ಅಡುಗೆಮನೆಯಲ್ಲಿ, ಹೊಗೆ ಬಿಡುವ ಅವನ ಪಕ್ಕದಲ್ಲೇ ಕೂತು ಅವರೆ ಸುಲಿದಿದ್ದಳು. ಜ್ಯಾಶೆಂಗ್‌ನ ಕಣ್ಣಲ್ಲಿ ನೀರು ಬಂತು.

“ನಿನ್ನ ಉಸಿರನ್ನೂ ನಾನೇ ಸೇದಿಬಿಟ್ನಲ್ಲೇ.”

“ನಿಮ್ಮನ್ನ ಬಯ್ಯೋಕೆ ಇಷ್ಟು ಸಾಕು, ಬಿಡಿ.”

ಅಂದೇ ತಂಬಾಕು ತಿಪ್ಪೆಗೆ ಹೋಯಿತು, ಪಟ್ಟಿ ತೋಳಿಗೆ ಬಂತು. ಮೂರನೇ ದಿನ ತಲೆ ಸಿಡಿಯುವಂತಾಗಿ ಜ್ಯಾಶೆಂಗ್ ಅನ್ನದ ಬಟ್ಟಲು ಎಸೆದ. ಛಿಯನ್ ಅವನ ಕಿವಿಗೆ ಸಿಗರೇಟು ಸಿಕ್ಕಿಸಿ, “ಗೆಳೆಯ ಕೊಟ್ಟಿದ್ದು ಬೇಡ ಅಂತೀಯಾ? ದೊಡ್ಡ ಮನುಷ್ಯ ಆಗ್ಬಿಟ್ಟೆ!” ಎಂದು ಚುಚ್ಚಿದ. ಜ್ಯಾಶೆಂಗ್ ಅದನ್ನು ಗೆಳೆಯನ ಜೇಬಿಗೇ ಹಾಕಿ ಹೊರಟುಬಂದ. ದಾರಿಯಲ್ಲಿ ಎರಡು ಸಲ ತಿರುಗಿ ನೋಡಿದ್ದೂ ನಿಜ.

ನಾಲ್ಕು ತಿಂಗಳಲ್ಲಿ ಅವನದು ಹನ್ನೊಂದಕ್ಕೆ ಏರಿತು. ಛುನ್‌ಮೈ ಕೊಳವೆಗೆ ಮುಖವಿಟ್ಟು ಎಳೆದಳು. ಅವನು ಮೆಲ್ಲಗೆ ಎಣಿಸಿದ. ಎಂಟಕ್ಕೆ ನಿಂತಿತು.

“ಎಷ್ಟಾಯ್ತು?” ಅವಳು ಏದುಸಿರು ಬಿಡುತ್ತ ಕೇಳಿದಳು.

ನಲವತ್ತು ವರ್ಷ ಒಂದು ಕೊಳವೆಯ ಬಗ್ಗೆಯೂ ಯಾರಿಗೂ ಸುಳ್ಳು ಹೇಳದ ಜ್ಯಾಶೆಂಗ್, “ಹತ್ತು,” ಎಂದ.